ಶುಶ್ರೂಷೆಯ ಕೈಗಳಿಗೆ ಪರೀಕ್ಷೆ ಏಕೆ?



ಪ್ರತಿ ವರ್ಷ ಫೆಬ್ರವರಿ 11ರಂದು ಲೂರ್ದು ಮಾತೆಯ ಹಬ್ಬದ ಜೊತೆಯಲ್ಲೇ ನಾವು ಜಾಗತಿಕ ರೋಗಿಗಳ ದಿನವನ್ನೂ ಆಚರಿಸುತ್ತೇವೆ. ಜಗದ್ಗುರು ಎರಡನೇ ಜಾನ್ ಪೌಲರು 1992ರಲ್ಲಿ ಈ ದಿನವನ್ನು ಗೊತ್ತುಮಾಡಿದರು. 1993ರಿಂದ ಅದು ಆಚರಣೆಯಲ್ಲಿದೆ. ಅಂದು ನಮ್ಮ ಧರ್ಮಕೇಂದ್ರಗಳಲ್ಲಿ ರೋಗಿಗಳಿಗಾಗಿ ಬಲಿಪೂಜೆ, ಅಭ್ಯಂಗ, ಆಸ್ಪತ್ರೆಗೆ ಭೇಟಿ, ಹಣ್ಣು ಹಂಚುವುದು, ಡಾಕ್ಟರು ನರ್ಸುಗಳಿಗೆ ಕೃತಜ್ಞತೆಯ ಎರಡು ಮಾತು, ಇವೆಲ್ಲ ನಡೆಯುತ್ತವೆ. ಎಲ್ಲವೂ ಒಳ್ಳೆಯದೇ. ಆದರೆ ಆ ದಿನದ ಪ್ರಬೋಧನೆಗಳಲ್ಲಿ ನಾವು ಸಾಮಾನ್ಯವಾಗಿ ಮಾತನಾಡದ ಒಂದು ಸಂಗತಿ ಇದೆ. ಒಂದು ಕಾಯಿಲೆಗೆಂದು ಆಸ್ಪತ್ರೆ ಸೇರಿದವರಿಗೆ ಅಲ್ಲಿಯೇ ಇನ್ನೊಂದು ಕಾಯಿಲೆ ತಗಲುವುದು!

ಇದು ಅಪರೂಪದ ಮಾತಲ್ಲ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೊರತಂದ ವರದಿಯಂತೆ ಶ್ರೀಮಂತ ದೇಶಗಳ ಆಸ್ಪತ್ರೆಗಳಲ್ಲಿ ಒಳರೋಗಿಗಳಾಗಿ ಸೇರಿದ ಪ್ರತಿ 100 ಜನರಲ್ಲಿ 7 ಮಂದಿಗೆ, ನಮ್ಮಂತಹ ದೇಶಗಳಲ್ಲಿ 15 ಮಂದಿಗೆ ಆಸ್ಪತ್ರೆಯಲ್ಲೇ ಹೊಸದೊಂದು ಸೋಂಕು ತಗಲುತ್ತದೆ. ಹಾಗೆ ಸೋಂಕು ತಗಲಿದವರಲ್ಲಿ ಸರಾಸರಿ ಹತ್ತರಲ್ಲೊಬ್ಬರು ಬದುಕುಳಿಯುವುದಿಲ್ಲ. ನಮ್ಮ ಮನೆಗಳಲ್ಲಿ ಇದಕ್ಕೆ ಬೇರೆ ಹೆಸರುಗಳಿವೆ. "ಆಪರೇಷನ್ ಚೆನ್ನಾಗಿಯೇ ಆಯಿತು, ಆಮೇಲೆ ನಂಜಾಯಿತು" ಎನ್ನುತ್ತೇವೆ. ಬಂದವರು "ದೇವರ ಚಿತ್ತ" ಎಂದು ಸಮಾಧಾನ ಹೇಳಿ ಹೋಗುತ್ತಾರೆ. ತೊಳೆಯದ ಕೈಯಿಂದ ಬಂದ ಸಾವನ್ನು ದೇವರ ತಲೆಗೆ ಕಟ್ಟುವುದು ನ್ಯಾಯವೇ? ಇದನ್ನು ಕೇಳಿಕೊಳ್ಳಬೇಕಾದ ಕಾಲ ಬಂದಿದೆ ಎಂದು ನಮಗೆ ಅನಿಸುತ್ತದೆ.

ಸೇವಾಮನೋಭಾವ ಒಂದಿದ್ದರೆ ಸಾಕು, ಉಳಿದದ್ದೆಲ್ಲ ತಾನಾಗಿ ಬರುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಅದು ಸಾಲದು ಎಂಬುದನ್ನು ಬಹು ದುಃಖದಿಂದ ಕಲಿಸಿದ ಒಂದು ಘಟನೆ ನಮ್ಮ ಧರ್ಮಸಭೆಯ ಚರಿತ್ರೆಯಲ್ಲೇ ಇದೆ. ಆಫ್ರಿಕದ ಕಾಂಗೋ ದೇಶಕ್ಕೆ ಆಗ ಜಾಯಿರ್ ಎಂಬ ಹೆಸರು. ಅದರ ಉತ್ತರ ಭಾಗದ ಕಾಡುನಾಡಿನಲ್ಲಿ ಯಾಂಬುಕು ಎಂಬ ಊರು. ಬೆಲ್ಜಿಯಂ ದೇಶದ ಮಿಷನರಿಗಳು 1935ರಲ್ಲಿ ಅಲ್ಲೊಂದು ಆಸ್ಪತ್ರೆ ತೆರೆದಿದ್ದರು. 1976ರ ಹೊತ್ತಿಗೆ ಅಲ್ಲಿ 120 ಹಾಸಿಗೆಗಳು, 17 ಮಂದಿ ಸಿಬ್ಬಂದಿ. ಅವರಲ್ಲಿ ಮೂವರು ಬೆಲ್ಜಿಯಂನ ಕನ್ಯಾಸ್ತ್ರೀಯರು. ನರ್ಸುಗಳಾಗಿ, ಸೂಲಗಿತ್ತಿಯರಾಗಿ ದುಡಿಯುತ್ತಿದ್ದರು. ಹೊರರೋಗಿಗಳೇ ತಿಂಗಳಿಗೆ ಆರು ಸಾವಿರದಿಂದ ಹನ್ನೆರಡು ಸಾವಿರ ಮಂದಿ ಬರುತ್ತಿದ್ದರಂತೆ! ಸುತ್ತಲಿನ ಜನರಿಗೆ ಆ ಸಿಸ್ಟರ್‌ಗಳೇ ದಿಕ್ಕು.

ಆಸ್ಪತ್ರೆಯಲ್ಲಿ ಬೆಳಿಗ್ಗೆ ದಾದಿಯರ ಕೈಗೆ ಐದು ಸಿರಿಂಜು, ಐದು ಸೂಜಿ ಕೊಡುತ್ತಿದ್ದರು. ಹೊರರೋಗಿಗಳ ವಿಭಾಗ, ವಾರ್ಡು, ಬಸುರಿಯರ ತಪಾಸಣೆ, ಎಲ್ಲದಕ್ಕೂ ದಿನವಿಡೀ ಅವೇ. ಒಬ್ಬರಿಗೆ ಚುಚ್ಚಿದ ಮೇಲೆ ಒಂದು ಬಟ್ಟಲು ಬೆಚ್ಚನೆಯ ನೀರಿನಲ್ಲಿ ಜಾಲಿಸಿ ಇನ್ನೊಬ್ಬರಿಗೆ ಚುಚ್ಚುತ್ತಿದ್ದರು. ಆಗಸ್ಟ್ 26ರಂದು ಮಿಷನ್ ಶಾಲೆಯ ಉಪಾಧ್ಯಾಯರೊಬ್ಬರು ಜ್ವರವೆಂದು ಬಂದರು. ಮಲೇರಿಯಾ ಇರಬೇಕೆಂದು ಅವರಿಗೆ ಕ್ಲೋರೋಕ್ವಿನ್ ಇಂಜೆಕ್ಷನ್ ಕೊಟ್ಟರು. ಮುಂದೆ ಇಂಜೆಕ್ಷನ್ ತೆಗೆದುಕೊಂಡು ಹೋದವರು ಒಬ್ಬೊಬ್ಬರಾಗಿ ಜ್ವರ, ರಕ್ತಸ್ರಾವದಿಂದ ಮಲಗತೊಡಗಿದರು. ಅವರಲ್ಲಿ ತಪಾಸಣೆಗೆಂದು ಬಂದಿದ್ದ ಬಸುರಿಯರು ಹಲವರು. ಇಂದು ನಾವು ಎಬೋಲಾ ಎಂದು ಕರೆಯುವ ರೋಗವದು. ಆಗ ಅದಕ್ಕೆ ಹೆಸರೇ ಇರಲಿಲ್ಲ. ಆಸ್ಪತ್ರೆಯ 17 ಮಂದಿ ಸಿಬ್ಬಂದಿಯಲ್ಲಿ 11 ಮಂದಿ ತೀರಿಕೊಂಡರು, ಸಿಸ್ಟರ್‌ಗಳೂ ಉಳಿಯಲಿಲ್ಲ. ಸೆಪ್ಟೆಂಬರ್ ಕೊನೆಯಲ್ಲಿ ಆಸ್ಪತ್ರೆಯನ್ನೇ ಮುಚ್ಚಬೇಕಾಯಿತು. ಆ ವರ್ಷ ಆ ಸೀಮೆಯಲ್ಲಿ ಒಟ್ಟು 318 ಮಂದಿಗೆ ರೋಗ ತಗಲಿ 280 ಮಂದಿ ಸತ್ತರು. ರೋಗ ತಗ್ಗಲು ಮುಖ್ಯವಾದ ಒಂದು ಕಾರಣ ಆಸ್ಪತ್ರೆ ಮುಚ್ಚಿದ್ದು ಎಂದು ತನಿಖೆಗೆ ಬಂದವರು ಬರೆದಿಟ್ಟಿದ್ದಾರೆ. ಓದುವಾಗ ಎದೆ ಝಲ್ಲೆನ್ನುತ್ತದೆ.

ಆ ಸಿಸ್ಟರ್‌ಗಳನ್ನು ದೂರುವುದು ನಮ್ಮ ಉದ್ದೇಶ ಖಂಡಿತ ಅಲ್ಲ. ಓಡಿಹೋಗದೆ ರೋಗಿಗಳ ಆರೈಕೆಗಾಗಿಯೇ ಪ್ರಾಣಕೊಟ್ಟವರು ಅವರು. ಅವರಿಗೆ ಪ್ರೀತಿಯ ಕೊರತೆ ಇರಲಿಲ್ಲ, ದುಡಿಮೆಯ ಕೊರತೆಯಂತೂ ಇರಲೇ ಇಲ್ಲ. "ಈ ಸೂಜಿಯನ್ನು ಕುದಿಸದೆ ಇನ್ನೊಬ್ಬರಿಗೆ ಚುಚ್ಚಬೇಡಿ" ಎಂದು ತಡೆದು ಹೇಳುವುದೇ ತನ್ನ ಕೆಲಸವಾಗಿದ್ದ, ಅದಕ್ಕೆಂದೇ ತರಬೇತಾದ ಒಬ್ಬ ವ್ಯಕ್ತಿ ಅಲ್ಲಿರಲಿಲ್ಲ. ಅಷ್ಟೇ.

ಅಂತಹ ವ್ಯಕ್ತಿಯೊಬ್ಬರು ಆಸ್ಪತ್ರೆಯಲ್ಲಿ ಇರಬೇಕೆಂಬ ಯೋಚನೆ ಬಹಳ ಹಳೆಯದೇನಲ್ಲ. 1847ರಲ್ಲಿ ವಿಯೆನ್ನಾ ನಗರದ ಹೆರಿಗೆ ಆಸ್ಪತ್ರೆಯಲ್ಲಿ ಇಗ್ನಾಸ್ ಸೆಮ್ಮೆಲ್‌ವೈಸ್ ಎಂಬ ವೈದ್ಯರು, ಡಾಕ್ಟರುಗಳು ಕ್ಲೋರಿನ್ ನೀರಿನಲ್ಲಿ ಕೈತೊಳೆದು ಬಾಣಂತಿಯರನ್ನು ಮುಟ್ಟುವಂತೆ ಮಾಡಿದರು. ಏಪ್ರಿಲಿನಲ್ಲಿ ನೂರಕ್ಕೆ 18ರಷ್ಟಿದ್ದ ಬಾಣಂತಿಯರ ಸಾವು ಜೂನ್ ಹೊತ್ತಿಗೆ ಸುಮಾರು 2ಕ್ಕೆ ಇಳಿಯಿತು. ಆದರೂ ದೊಡ್ಡ ವೈದ್ಯರು ಅನೇಕರು ಅವರ ಮಾತಿಗೆ ಕಿವಿಗೊಡಲಿಲ್ಲ. ಸತ್ಯ ಅವರ ಬಳಿ ಇತ್ತು, ಅದನ್ನು ಇತರರು ಪಾಲಿಸುವಂತೆ ಮಾಡುವ ಅಧಿಕಾರ ಇರಲಿಲ್ಲ. ಇದಾಗಿ ನೂರಕ್ಕೂ ಹೆಚ್ಚು ವರ್ಷಗಳ ನಂತರ, 1959ರಲ್ಲಿ, ಇಂಗ್ಲೆಂಡಿನ ಟಾರ್ಕಿ ಪಟ್ಟಣದ ಟಾರ್‌ಬೇ ಆಸ್ಪತ್ರೆಯಲ್ಲಿ ಮಿಸ್ ಕಾಟ್ರೆಲ್ ಎಂಬ ನರ್ಸ್‌ರನ್ನು ಸೋಂಕು ನಿಯಂತ್ರಣಕ್ಕೆಂದೇ ನೇಮಿಸಲಾಯಿತು. ಇದರ ಹಿಂದಿದ್ದವರು ಡಾ. ಬ್ರೆಂಡನ್ ಮೂರ್. ಪೆನಿಸಿಲಿನ್‌ಗೆ ಬಗ್ಗದ ಕ್ರಿಮಿಗಳು ಆಗ ಆಸ್ಪತ್ರೆಗಳಲ್ಲಿ ಹಾವಳಿ ಎಬ್ಬಿಸಿದ್ದವು. ಆ ಹುದ್ದೆಯ ಹೆಸರಿನಲ್ಲಿ 'ಸಿಸ್ಟರ್' ಎಂಬ ಪದವಿದ್ದರೂ ಮಿಸ್ ಕಾಟ್ರೆಲ್ ಕನ್ಯಾಸ್ತ್ರೀ ಅಲ್ಲ. ಹಿರಿಯ ನರ್ಸುಗಳನ್ನು ಅಲ್ಲಿ ಹಾಗೆ ಕರೆಯುವುದು ವಾಡಿಕೆ.

ಸೋಂಕು ನಿಯಂತ್ರಣ ನರ್ಸ್ ಏನು ಕೆಲಸ ಮಾಡುತ್ತಾರೆ? ಕೈತೊಳೆಯಿರಿ, ಮಾಸ್ಕ್ ಹಾಕಿ ಎಂದು ಗೋಡೆಗೆ ಚೀಟಿ ಅಂಟಿಸುವುದೇ ಎಂದು ಕೆಲವರು ನಗಬಹುದು. 2020ರ ಕೊರೊನಾ ಕಾಲದ ನಂತರ ನಾವೆಲ್ಲರೂ ಅರ್ಧ ಡಾಕ್ಟರುಗಳೇ ಅಲ್ಲವೇ! ಆದರೆ ಒಂದು ಸಣ್ಣ ಉದಾಹರಣೆ ನೋಡಿ. ಆಸ್ಪತ್ರೆಗಳಲ್ಲಿ ಕೈಗೆ ಹಚ್ಚಿಕೊಳ್ಳುವ ಸ್ಯಾನಿಟೈಸರ್ ಬಹುತೇಕ ಕ್ರಿಮಿಗಳನ್ನು ಇಪ್ಪತ್ತು ಮೂವತ್ತು ಸೆಕೆಂಡುಗಳಲ್ಲಿ ಕೊಲ್ಲುತ್ತದೆ. ಆದರೆ ಆ್ಯಂಟಿಬಯಾಟಿಕ್ ತೆಗೆದುಕೊಂಡ ರೋಗಿಗಳಲ್ಲಿ ತೀವ್ರ ಭೇದಿ ತರುವ ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್ ಎಂಬ ಕ್ರಿಮಿಯ ಬೀಜಕಣಗಳು ಅದಕ್ಕೆ ಸಾಯುವುದಿಲ್ಲ. ಅಲ್ಲಿ ಸೋಪು ನೀರಿನಲ್ಲಿ ಉಜ್ಜಿ ತೊಳೆಯಲೇಬೇಕು. ಯಾವ ರೋಗಿಯ ಕೋಣೆಯಿಂದ ಹೊರಬರುವಾಗ ಯಾವುದು ಎಂಬುದು ಸಾಮಾನ್ಯ ಬುದ್ಧಿಗೆ ಹೊಳೆಯುವ ವಿಷಯವಲ್ಲ, ಕಲಿತು ತಿಳಿಯಬೇಕಾದದ್ದು.

ಇನ್ನೊಂದು, ಎಣಿಸುವ ಕೆಲಸ. ಇದೇ ಮುಖ್ಯವಾದದ್ದು ಎಂದು ನಾವು ತಿಳಿಯುತ್ತೇವೆ. ಒಂದು ಆಸ್ಪತ್ರೆಯ ಐಸಿಯುವಿನಲ್ಲಿ ಒಂದು ತಿಂಗಳಿಗೆ 2 ರಕ್ತದ ಸೋಂಕು, ಇನ್ನೊಂದರಲ್ಲಿ 4 ಎಂದಿಟ್ಟುಕೊಳ್ಳಿ. ಯಾವುದು ಒಳ್ಳೆಯ ಆಸ್ಪತ್ರೆ? ಎರಡೇ ಆದದ್ದು ಎಂದು ಬಾಯಿಗೆ ಬರುತ್ತದೆ. ಆದರೆ ಮೊದಲನೆಯದರಲ್ಲಿ ಸೆಂಟ್ರಲ್ ಲೈನ್, ಅಂದರೆ ಕುತ್ತಿಗೆ ಅಥವಾ ಎದೆಯ ದೊಡ್ಡ ರಕ್ತನಾಳಕ್ಕೆ ಹಾಕುವ ಕೊಳವೆ, ಇದ್ದವರು ಐದು ಮಂದಿ, ತಲಾ 20 ದಿನ. ಒಟ್ಟು 100 ದಿನ. ಎರಡನೆಯದರಲ್ಲಿ 40 ಮಂದಿ, ತಲಾ 25 ದಿನ. ಒಟ್ಟು 1000 ದಿನ. ಈಗ ಸಾವಿರ ದಿನಕ್ಕೆ ಎಷ್ಟು ಎಂದು ಲೆಕ್ಕ ಹಾಕಿದರೆ ಮೊದಲನೆಯದಕ್ಕೆ 20, ಎರಡನೆಯದಕ್ಕೆ 4. ಎಲ್ಲ ತಲೆಕೆಳಗಾಯಿತು! ಹೀಗೆ ಎಣಿಸುವುದನ್ನು ಕಲಿಯದ ಆಸ್ಪತ್ರೆ, ತನ್ನಲ್ಲಿ ಸೋಂಕೇ ಇಲ್ಲವೆಂದು ಪ್ರಾಮಾಣಿಕವಾಗಿಯೇ ನಂಬಿಕೊಂಡಿರುತ್ತದೆ. ಮನೆಗೆ ಹೋದ ಮೇಲೆ ಹೊಲಿಗೆಯಲ್ಲಿ ಕೀವು ತುಂಬಿಕೊಂಡವರು ಬೇರೆ ಡಾಕ್ಟರರ ಬಳಿಗೆ ಹೋದರೆ ಆ ಲೆಕ್ಕ ಯಾರ ಪುಸ್ತಕದಲ್ಲಿ ಸೇರುತ್ತದೆ?

ಅಮೆರಿಕದಲ್ಲಿ 1974ರಿಂದ ಸುಮಾರು ಹತ್ತು ವರ್ಷ ಸೆನಿಕ್ ಎಂಬ ದೊಡ್ಡ ಅಧ್ಯಯನ ನಡೆಯಿತು. ಸೋಂಕುಗಳನ್ನು ಎಣಿಸುವ ವ್ಯವಸ್ಥೆ, 250 ಹಾಸಿಗೆಗೆ ಒಬ್ಬ ಸೋಂಕು ನಿಯಂತ್ರಣ ನರ್ಸ್, ಇದರಲ್ಲಿ ತರಬೇತಾದ ಒಬ್ಬ ವೈದ್ಯರು, ಆಪರೇಷನ್ ಗಾಯಗಳಲ್ಲಿ ಎಷ್ಟು ನಂಜಾದವು ಎಂಬ ಲೆಕ್ಕವನ್ನು ಸರ್ಜನ್‌ಗಳಿಗೇ ತೋರಿಸುವ ಪದ್ಧತಿ, ಇಷ್ಟೂ ಇದ್ದ ಆಸ್ಪತ್ರೆಗಳಲ್ಲಿ ಸೋಂಕು ನೂರಕ್ಕೆ 32ರಷ್ಟು ಇಳಿದಿತ್ತು. ಸರಿಯಾದ ವ್ಯವಸ್ಥೆ ಇಲ್ಲದ ಕಡೆ ಅದು ನೂರಕ್ಕೆ 18ರಷ್ಟು ಏರಿತ್ತು. ನಡುವೆ 1972ರಲ್ಲಿ ಈ ಕೆಲಸದವರು ಅಲ್ಲಿ ತಮ್ಮದೇ ಸಂಘ ಕಟ್ಟಿಕೊಂಡಿದ್ದರು. ನಂತರ ಪರೀಕ್ಷೆ ನಡೆಸಲು ಬೇರೆಯೇ ಒಂದು ಮಂಡಳಿ ಹುಟ್ಟಿತು. 1983ರಲ್ಲಿ ಮೊದಲ ಪರೀಕ್ಷೆ ನಡೆಯಿತು. ಅದರಲ್ಲಿ ತೇರ್ಗಡೆಯಾದವರು ತಮ್ಮ ಹೆಸರಿನ ಮುಂದೆ ಸಿಐಸಿ ಎಂದು ಬರೆದುಕೊಳ್ಳಬಹುದು. ಸೋಂಕು ನಿಯಂತ್ರಣದಲ್ಲಿ ಪ್ರಮಾಣೀಕೃತರು ಎಂದು ಅದರ ಅರ್ಥ.

ಇಲ್ಲಿ ಒಂದು ಗೊಂದಲ ಪರಿಹರಿಸಿಕೊಳ್ಳಬೇಕು. ನಮ್ಮಲ್ಲಿ ಎಲ್ಲದಕ್ಕೂ 'ಸರ್ಟಿಫಿಕೇಟ್' ಎಂಬ ಒಂದೇ ಮಾತು. ಮದುವೆ ತಯಾರಿ ಶಿಬಿರದಲ್ಲಿ ಕುಳಿತೆದ್ದವರಿಗೆಲ್ಲ ಒಂದು ಸರ್ಟಿಫಿಕೇಟ್ ಸಿಗುತ್ತದೆ, ಹಿಂದಿನ ಬೆಂಚಿನಲ್ಲಿ ನಿದ್ದೆ ಮಾಡಿದವರಿಗೂ. ಡ್ರೈವಿಂಗ್ ಲೈಸೆನ್ಸ್ ಹಾಗಲ್ಲ. ಕಲಿಸಿದವರು ಬೇರೆ, ಪರೀಕ್ಷೆ ಮಾಡುವವರು ಬೇರೆ; ಅವಧಿ ಮುಗಿದರೆ ನವೀಕರಿಸಬೇಕು. ಸಿಐಸಿ ಈ ಎರಡನೆಯ ಜಾತಿಯದು. ಎರಡು ದಿನದ ಕಾರ್ಯಾಗಾರಕ್ಕೆ ಹೋಗಿಬಂದರೆ ಸಿಗುವುದಿಲ್ಲ. ಈ ಕ್ಷೇತ್ರದಲ್ಲಿ ನಿಜವಾಗಿ ಕೆಲಸ ಮಾಡಿದ ಅನುಭವ ಬೇಕು. ನರ್ಸುಗಳಷ್ಟೇ ಅಲ್ಲ, ವೈದ್ಯರು, ಲ್ಯಾಬಿನಲ್ಲಿ ದುಡಿಯುವವರೂ ಬರೆಯಬಹುದು. ಮೂರು ಗಂಟೆಯಲ್ಲಿ 150 ಪ್ರಶ್ನೆ. ರೋಗ ಗುರುತಿಸುವುದು, ಎಣಿಸುವುದು, ಹರಡದಂತೆ ತಡೆಯುವುದು, ಉಪಕರಣಗಳ ಶುದ್ಧೀಕರಣ, ಸಿಬ್ಬಂದಿಯ ಸುರಕ್ಷೆ, ಇತರರಿಗೆ ಕಲಿಸುವುದು ಎಲ್ಲವೂ ಅದರಲ್ಲಿ ಬರುತ್ತವೆ. ಗೆದ್ದರೂ ಐದು ವರ್ಷಕ್ಕಷ್ಟೇ. ಕ್ರಿಮಿಗಳು ಬದಲಾಗುತ್ತಲೇ ಇರುವಾಗ 1995ರಲ್ಲಿ ಕಲಿತ ಪಾಠವನ್ನೇ ನೆಚ್ಚಿಕೊಂಡು ಕೂರಲಾಗದು ತಾನೇ?

ಇದರಿಂದ ರೋಗಿಗೆ ಏನು ಲಾಭ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಪ್ರಮಾಣೀಕೃತ ಸೋಂಕು ನಿಯಂತ್ರಕರಿದ್ದ ಅಮೆರಿಕದ ಆಸ್ಪತ್ರೆಗಳು ಸೆಂಟ್ರಲ್ ಲೈನ್ ಸೋಂಕನ್ನು ತಡೆಯುವ ಕ್ರಮಗಳನ್ನು ಹೆಚ್ಚಾಗಿ ಪಾಲಿಸುತ್ತಿದ್ದುದು 2007ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯಲ್ಲಿ ಕಂಡುಬಂತು. ಕ್ಯಾಲಿಫೋರ್ನಿಯಾದ ಆಸ್ಪತ್ರೆಗಳನ್ನು ಕುರಿತ 2012ರ ಅಧ್ಯಯನದಲ್ಲಿ, ಸೋಂಕು ನಿಯಂತ್ರಣ ವಿಭಾಗದ ಮುಖ್ಯಸ್ಥರು ಪ್ರಮಾಣೀಕೃತರಾಗಿದ್ದ ಕಡೆ, ಔಷಧಿಗೆ ಬಗ್ಗದ ಸ್ಟಫಿಲೋಕಾಕಸ್ ಕ್ರಿಮಿಯ ರಕ್ತದ ಸೋಂಕು ಕಡಿಮೆ ಇತ್ತು. ಇದು ಪ್ರಮಾಣಪತ್ರದ ಪವಾಡ ಎಂದು ಹೇಳಿದರೆ ಅತಿಯಾದೀತು. ಒಳ್ಳೆಯ ಆಸ್ಪತ್ರೆಗಳೇ ಇಂತಹವರನ್ನು ಇಟ್ಟುಕೊಳ್ಳುತ್ತವೆ ಎಂಬ ಇನ್ನೊಂದು ಮಗ್ಗುಲೂ ಇದಕ್ಕಿದೆ.

ಆದರೆ ನಮ್ಮ ದೃಷ್ಟಿಯಲ್ಲಿ ಅದರ ನಿಜವಾದ ಬೆಲೆ ಬೇರೆ ಕಡೆ ಇದೆ. ಅದು ನರ್ಸಿನ ಮಾತಿಗೆ ತೂಕ ತರುತ್ತದೆ. ಮಿಚಿಗನ್ ರಾಜ್ಯದ ಸುಮಾರು ನೂರು ಐಸಿಯುಗಳಲ್ಲಿ 2003ರಿಂದ ಡಾ. ಪೀಟರ್ ಪ್ರೊನೊವೊಸ್ಟ್ ಮತ್ತು ಅವರ ಜೊತೆಗಾರರು ಒಂದು ಪ್ರಯತ್ನ ಮಾಡಿದರು. ಸೆಂಟ್ರಲ್ ಲೈನ್ ಹಾಕುವಾಗ ಕೈತೊಳೆಯುವುದು, ರೋಗಿಯ ಮೈಯನ್ನು ಪೂರ್ತಿ ಶುದ್ಧ ಬಟ್ಟೆಯಿಂದ ಮುಚ್ಚುವುದು, ಕ್ಲೋರ್‌ಹೆಕ್ಸಿಡಿನ್‌ನಿಂದ ಚರ್ಮ ಒರೆಸುವುದು, ಸಾಧ್ಯವಾದಷ್ಟು ತೊಡೆಸಂದಿಯ ರಕ್ತನಾಳ ಬಿಡುವುದು, ಬೇಡವಾದ ಕೊಳವೆಯನ್ನು ತೆಗೆದುಬಿಡುವುದು. ಐದೇ ಅಂಶ, ಹೊಸ ಔಷಧಿಯಿಲ್ಲ, ದುಬಾರಿ ಯಂತ್ರವಿಲ್ಲ. ಆದರೆ ಒಂದು ಹೊಸ ನಿಯಮವಿತ್ತು: ವೈದ್ಯರು ಇದರಲ್ಲಿ ಒಂದನ್ನು ಬಿಟ್ಟರೂ, ತುರ್ತು ಇಲ್ಲದಿದ್ದರೆ, ನರ್ಸ್ ಅವರನ್ನು ತಡೆಯಬಹುದು. ಸಾವಿರ ದಿನಕ್ಕೆ ಸರಾಸರಿ 7.7 ಇದ್ದ ಸೋಂಕು ಒಂದೂವರೆ ವರ್ಷದಲ್ಲಿ 1.4ಕ್ಕೆ ಇಳಿಯಿತು. ನಮ್ಮ ಆಸ್ಪತ್ರೆಗಳಲ್ಲಿ ಇದನ್ನು ಊಹಿಸಿ ನೋಡಿ. "ಡಾಕ್ಟರೇ, ಕೈ ತೊಳೆದು ಬನ್ನಿ" ಎಂದು ಇಪ್ಪತ್ತೈದು ವರ್ಷದ ಹುಡುಗಿ ದೊಡ್ಡ ಸರ್ಜನ್‌ಗೆ ಹೇಳಲು ಸಾಧ್ಯವೇ? ಹೇಳಿದರೆ "ನೀನ್ಯಾರಮ್ಮ ನನಗೆ ಹೇಳಲು?" ಎಂಬ ಉತ್ತರ ಸಿದ್ಧವಾಗಿರುತ್ತದೆ. ಪ್ರಮಾಣಪತ್ರ, ಅದರ ಹಿಂದೆ ನಿಂತ ಆಡಳಿತ, ಕೈಯಲ್ಲಿರುವ ಲೆಕ್ಕ, ಈ ಮೂರೂ ಸೇರಿದರೆ "ನಾನು ಇದಕ್ಕೆ ಜವಾಬ್ದಾರಳು, ಸರ್" ಎನ್ನುವ ಧೈರ್ಯ ಬರುತ್ತದೆ. ಸೆಮ್ಮೆಲ್‌ವೈಸರಿಗೆ ಇಲ್ಲದಿದ್ದದ್ದು ಇದೇ.

ನಮ್ಮ ದೇಶದಲ್ಲಿ ಸಿಐಸಿ ಕಡ್ಡಾಯವಲ್ಲ. ಅಮೆರಿಕದಲ್ಲೂ ಕೇಂದ್ರ ಸರ್ಕಾರದ 2019ರ ನಿಯಮ, ಆಸ್ಪತ್ರೆಯ ಸೋಂಕು ನಿಯಂತ್ರಕರು ಶಿಕ್ಷಣ, ತರಬೇತಿ, ಅನುಭವ ಅಥವಾ ಪ್ರಮಾಣಪತ್ರದ ಮೂಲಕ ಅರ್ಹರಾಗಿರಬೇಕು ಎಂದಷ್ಟೇ ಹೇಳುತ್ತದೆ. ನಮ್ಮಲ್ಲಿ ಎನ್‌ಎಬಿಎಚ್ ಮಾನ್ಯತೆ ಬಯಸುವ ಆಸ್ಪತ್ರೆಗಳಲ್ಲಿ ಸೋಂಕು ನಿಯಂತ್ರಣ ಸಮಿತಿ ಮತ್ತು ಅದಕ್ಕೆಂದೇ ಗೊತ್ತುಮಾಡಿದ ನರ್ಸ್ ಇರಬೇಕು. ಕೇಂದ್ರ ಸರ್ಕಾರ 2020ರ ಜನವರಿಯಲ್ಲಿ ರಾಷ್ಟ್ರೀಯ ಮಾರ್ಗಸೂಚಿಯನ್ನೂ ತಂದಿತು. ಕಾಗದದಲ್ಲಿ ಎಲ್ಲ ಚೆನ್ನಾಗಿದೆ. ಆದರೆ ಎಷ್ಟೋ ಕಡೆ ಆ ನರ್ಸನ್ನು ಯಾರಾದರೂ ರಜೆ ಹಾಕಿದಾಗಲೆಲ್ಲ ವಾರ್ಡ್ ಡ್ಯೂಟಿಗೆ ಎಳೆಯುತ್ತಾರೆ. ಹೆಸರು ಬೋರ್ಡಿನ ಮೇಲೆ, ಆಕೆ ನೈಟ್ ಶಿಫ್ಟಿನಲ್ಲಿ.

ಇದರ ಬೆಲೆ ಎಷ್ಟೆಂಬುದನ್ನು ನೆರೆಯ ಕೇರಳ 2018ರ ಮೇ ತಿಂಗಳಲ್ಲಿ ಕಂಡಿತು. ಕೋಯಿಕ್ಕೋಡ್ ಸೀಮೆಯಲ್ಲಿ ನಿಪಾ ರೋಗ ಬಂದಾಗ ಹೆಚ್ಚಿನವರಿಗೆ ಅದು ತಗಲಿದ್ದು ಆಸ್ಪತ್ರೆಗಳಲ್ಲೇ. ರೋಗಿಗಳನ್ನು ನೋಡಿಕೊಳ್ಳಲು ಬಂದ ಬಂಧುಗಳಿಗೂ ತಗಲಿತು. ಪೇರಾಂಬ್ರ ತಾಲೂಕು ಆಸ್ಪತ್ರೆಯ ನರ್ಸ್ ಲಿನಿ ಪುದುಶ್ಶೇರಿ, ತಾವು ಆರೈಕೆ ಮಾಡಿದ ರೋಗಿಯಿಂದಲೇ ರೋಗ ತಗಲಿಸಿಕೊಂಡು ಮೇ 21ರಂದು ತೀರಿಕೊಂಡರು. ಇಬ್ಬರು ಪುಟ್ಟ ಮಕ್ಕಳ ತಾಯಿ. ದೇಶವೆಲ್ಲ ಆಕೆಯನ್ನು ಹೊಗಳಿತು. ಹೊಗಳಿಕೆ ಸಲ್ಲಬೇಕಾದದ್ದೇ. ಆದರೆ ನರ್ಸುಗಳನ್ನು ಸತ್ತ ಮೇಲೆ ಹುತಾತ್ಮರೆಂದು ಕೊಂಡಾಡುವುದಕ್ಕಿಂತ ಬದುಕಿರುವಾಗಲೇ ರಕ್ಷಿಸುವುದು ಮೇಲಲ್ಲವೇ? ಸೋಂಕು ನಿಯಂತ್ರಣ ಎಂಬುದು ರೋಗಿಯನ್ನಷ್ಟೇ ಅಲ್ಲ, ಶುಶ್ರೂಷೆ ಮಾಡುವ ನಮ್ಮ ಹೆಣ್ಣುಮಕ್ಕಳನ್ನೂ ಕಾಯುವ ವಿದ್ಯೆ.

ನಮ್ಮ ಧರ್ಮಕೇಂದ್ರಗಳಲ್ಲಿ ನರ್ಸ್ ಇಲ್ಲದ ಬೀದಿ ಕಡಿಮೆ. ಮಂಗಳೂರು, ಬೆಂಗಳೂರಿನ ಆಸ್ಪತ್ರೆಗಳಲ್ಲಿ, ಕೊಲ್ಲಿ ದೇಶಗಳಲ್ಲಿ, ಇಂಗ್ಲೆಂಡಿನಲ್ಲಿ ಅವರು ದುಡಿಯುತ್ತಿದ್ದಾರೆ. ಅವರಲ್ಲೊಬ್ಬರು "ಅಪ್ಪಾ, ಸೋಂಕು ನಿಯಂತ್ರಣದಲ್ಲಿ ಪರೀಕ್ಷೆ ಕಟ್ಟುತ್ತೇನೆ" ಎಂದರೆ, ಮನೆಯವರು "ಇರುವ ಕೆಲಸವೇ ಸಾಲದೇ, ಮತ್ತೇಕೆ ಓದು?" ಎನ್ನದಿರಲಿ. ಹಣ ಕಟ್ಟುವ ಮುನ್ನ ಮೂರು ವಿಷಯ ವಿಚಾರಿಸಿಕೊಳ್ಳಲಿ: ಪರೀಕ್ಷೆ ಮಾಡುವವರು ಪಾಠ ಮಾರುವವರೇ ಅಥವಾ ಬೇರೆಯವರೇ? ಕೆಲಸದ ಅನುಭವ ಕೇಳುತ್ತಾರೆಯೇ? ಪ್ರಮಾಣಪತ್ರಕ್ಕೆ ಅವಧಿ ಇದೆಯೇ? ಮೂರಕ್ಕೂ ತೃಪ್ತಿಕರ ಉತ್ತರ ಸಿಗದಿದ್ದರೆ ಅದು ಚೌಕಟ್ಟು ಹಾಕಿಸಲು ಮಾತ್ರ ಯೋಗ್ಯ.

ಇನ್ನು ನಮ್ಮ ಸಂಸ್ಥೆಗಳ ಮಾತು. 250 ಹಾಸಿಗೆಗೆ ಒಬ್ಬರಾದರೂ ಪೂರ್ಣಾವಧಿಯ ಸೋಂಕು ನಿಯಂತ್ರಕರು ಇರಬೇಕೆಂಬುದು ಕನಿಷ್ಠ ಮಟ್ಟ. ನೂರಕ್ಕೆ ಒಬ್ಬರಿದ್ದರೆ ಉತ್ತಮ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಐವತ್ತು ಹಾಸಿಗೆಯ ಹಳ್ಳಿ ಆಸ್ಪತ್ರೆಯೊಂದಕ್ಕೆ ಇದು ಭಾರವೇ ಸರಿ. ಹತ್ತಿರದ ಎರಡು ಮೂರು ಆಸ್ಪತ್ರೆಗಳು ಸೇರಿ ಒಬ್ಬರನ್ನು ಓದಿಸಿ, ಪರೀಕ್ಷೆಯ ಶುಲ್ಕ ಕೊಟ್ಟು, ವಾರದಲ್ಲಿ ಗೊತ್ತಾದ ದಿನಗಳಲ್ಲಿ ಹಂಚಿಕೊಳ್ಳಬಹುದು. ಆ ದಿನಗಳಲ್ಲಿ ಆಕೆಯನ್ನು ಬೇರೆ ಡ್ಯೂಟಿಗೆ ಕರೆಯಬಾರದು. ನಮ್ಮ ಆಸ್ಪತ್ರೆಗಳ ವಾರ್ಷಿಕೋತ್ಸವದ ವರದಿಗಳಲ್ಲಿ ಹೆರಿಗೆ ಎಷ್ಟು, ಆಪರೇಷನ್ ಎಷ್ಟು, ಹೊರರೋಗಿಗಳೆಷ್ಟು, ಉಚಿತ ಚಿಕಿತ್ಸೆ ಎಷ್ಟು ಎಂದು ಅಂಕಣಗಳಿರುತ್ತವೆ. ಮುಂದಿನ ವರ್ಷದ ವರದಿಯಲ್ಲಿ ಇನ್ನೊಂದು ಅಂಕಣ ಸೇರಿಸಲು ಕೇಳೋಣ: ಹೊಲಿಗೆ ಹಾಕಿದ ಪ್ರತಿ 100 ಗಾಯಗಳಲ್ಲಿ ನಂಜಾದದ್ದು ಎಷ್ಟು?